ಮಿಲನದ ಹೊತ್ತಿನ ಆತಂಕ: ಮಾತ್ರೆ, ಚಿಕಿತ್ಸೆ, ಅಭ್ಯಾಸಗಳಲ್ಲಿ ಯಾರಿಗೆ ಯಾವುದು

ಲೈಂಗಿಕ ಕ್ರಿಯೆಯ ಹೊತ್ತಿನಲ್ಲಿ ಶಿಶ್ನ ನಿಮಿರದಿರುವುದು, ನಿಮಿರಿದ್ದು ನಡುವೆಯೇ ಸಡಿಲಗೊಳ್ಳುವುದು, ಬಯಸಿದ್ದಕ್ಕಿಂತ ಬಹಳ ಬೇಗ ಸ್ಖಲನವಾಗುವುದು ಅಥವಾ ಎಷ್ಟು ಹೊತ್ತಾದರೂ ಆಗದಿರುವುದು ಯಾವ ಪುರುಷನಿಗಾದರೂ ಒಂದಲ್ಲ ಒಂದು ದಿನ ಎದುರಾಗಬಹುದು. ದಣಿವು, ನಿದ್ದೆಗೇಡು, ಕುಡಿತ, ಹೊಸ ಸಂಗಾತಿಯ ಮುಂದಿನ ಸಂಕೋಚ, ಹೀಗೆ ಯಾವುದೋ ಒಂದು ಸಾಮಾನ್ಯ ಕಾರಣ ಅದರ ಹಿಂದಿರುತ್ತದೆ ಮತ್ತು ವಿಷಯ ಅಲ್ಲಿಗೇ ಮುಗಿಯಬೇಕು. ಕೆಲವರಲ್ಲಿ ಮುಗಿಯುವುದಿಲ್ಲ. ‘ಮುಂದಿನ ಸಲವೂ ಹೀಗೇ ಆದರೆ?’ ಎಂಬ ಅಂಜಿಕೆ ಮನಸ್ಸಿನಲ್ಲಿ ಉಳಿದು, ಆ ಅಂಜಿಕೆಯೇ ಮುಂದಿನ ಸಲದ ವೈಫಲ್ಯಕ್ಕೆ ಕಾರಣವಾಗುತ್ತದೆ. ಆಮೇಲೆ ಯಾರಿಗೂ ಹೇಳದೆ ಪರಿಹಾರದ ಹುಡುಕಾಟ ಶುರುವಾಗುತ್ತದೆ: ಮೊದಲು ಮಾತ್ರೆ, ಅದು ಹಿಡಿಸದಿದ್ದರೆ ಯಾವುದೋ ಪುಡಿ, ಅದರ ನಂತರ ವ್ಯಾಯಾಮದ ವಿಡಿಯೊ. ವೈದ್ಯರು ಮತ್ತು ಆಪ್ತಸಮಾಲೋಚಕರು ನೆನಪಾಗುವುದು ಕಟ್ಟಕಡೆಗೆ.

ಈ ಪರಿಹಾರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಾಗ ‘ಯಾವುದು ಬೇಗ ಕೆಲಸ ಮಾಡುತ್ತದೆ’ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆಗಳು ಎರಡು. ಈ ಪರಿಹಾರ ನನ್ನ ತೊಂದರೆಯ ಮೂಲಕ್ಕೆ ಹೊಂದುತ್ತದೆಯೇ? ಹಾಸಿಗೆ ಈಗ ನನಗೆ ಪರೀಕ್ಷೆಯ ಕೊಠಡಿಯಂತಾಗಿದ್ದರೆ, ಈ ಪರಿಹಾರ ಆ ಪರೀಕ್ಷೆಯ ಬಿಗಿಯನ್ನು ಸಡಿಲಿಸುತ್ತದೆಯೇ, ಇನ್ನಷ್ಟು ಹೆಚ್ಚಿಸುತ್ತದೆಯೇ? ಮುಂದಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಆತಂಕ ದೇಹದಲ್ಲಿ ಮಾಡುವ ಕೆಲಸ

ಶಿಶ್ನ ನಿಮಿರುವುದು ಇಚ್ಛೆಯಿಂದ ಆಗುವ ಕೆಲಸವಲ್ಲ. ಕೈಯನ್ನು ಎತ್ತಿದ ಹಾಗೆ ಅದನ್ನು ಎತ್ತಲು ಬರುವುದಿಲ್ಲ. ಉದ್ರೇಕವಾದಾಗ ಅಲ್ಲಿನ ನರಗಳ ತುದಿಯಿಂದಲೂ ರಕ್ತನಾಳಗಳ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ನಾಳಗಳ ಸ್ನಾಯುಗಳು ಸಡಿಲಗೊಂಡು, ಒಳಗಿನ ಸ್ಪಂಜಿನಂಥ ಅಂಗಾಂಶದಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಮಾತು ‘ಸಡಿಲಗೊಳ್ಳುವುದು’. ದೇಹ ನೆಮ್ಮದಿಯಲ್ಲಿರುವಾಗ ಮೇಲುಗೈ ಪಡೆಯುವ ನರಮಂಡಲ ಈ ಕೆಲಸ ಮಾಡಿಸುತ್ತದೆ. ಹೆದರಿಕೆಯಾದಾಗ ಅದರ ಎದುರಾಳಿ ನರಮಂಡಲ ಎಚ್ಚರಗೊಂಡು, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಹರಿದು, ಅದೇ ಸ್ನಾಯುಗಳನ್ನು ಬಿಗಿಗೊಳಿಸುತ್ತವೆ. ತುಂಬಬೇಕಾದ ರಕ್ತ ಹಿಂದಿರುಗುತ್ತದೆ. ಓಡಬೇಕೋ ಕಾದಾಡಬೇಕೋ ಎಂದು ದೇಹ ಸಜ್ಜಾಗಿರುವಾಗ ಮಿಲನಕ್ಕೆ ಅದು ಒಲ್ಲೆ ಎನ್ನುವುದು ಸಹಜವೇ ಆಗಿದೆ. ಹಾಗೆ ಸಡಿಲಗೊಂಡ ಪುರುಷನ ದೇಹ ಕೆಟ್ಟಿಲ್ಲ, ಅದು ತನ್ನ ನಿಯಮದಂತೆಯೇ ನಡೆದುಕೊಂಡಿದೆ.

ಮನಸ್ಸಿನ ಕಡೆಯಿಂದ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಸಂಗಾತಿಯ ಮೈಯ ಬಿಸುಪು, ಉಸಿರು, ಸ್ಪರ್ಶ ಇವುಗಳಲ್ಲಿ ಇರಬೇಕಾದ ಗಮನ ತನ್ನ ದೇಹದ ಒಂದೇ ಭಾಗದ ಮೇಲೆ ಕಾವಲು ಕುಳಿತುಕೊಳ್ಳುತ್ತದೆ. ‘ಈಗ ಸರಿಯಾಗಿದೆಯಾ? ಸ್ವಲ್ಪ ಕಡಿಮೆಯಾಯಿತಾ? ಅವಳಿಗೆ ಗೊತ್ತಾಯಿತಾ?’ ಎಂಬ ಲೆಕ್ಕಾಚಾರ ನಡೆಯುತ್ತಿರುವಾಗ ಉದ್ರೇಕ ಹುಟ್ಟಿಸಬೇಕಾದ ಸಂವೇದನೆಗಳು ಮೆದುಳಿಗೆ ಮುಟ್ಟುವುದೇ ಇಲ್ಲ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜಿನಿಯಾ ಜಾನ್ಸನ್ ಸುಮಾರು 1970ರ ಹೊತ್ತಿಗೆ ಇದನ್ನು ಸ್ಪಷ್ಟವಾಗಿ ವಿವರಿಸಿದರು: ಪಾಲ್ಗೊಳ್ಳಬೇಕಾದವನು ಪ್ರೇಕ್ಷಕನಾಗಿಬಿಡುತ್ತಾನೆ. ಮಿಲನದ ಆತಂಕಕ್ಕೆ ಇಂದಿಗೂ ಕೊಡುತ್ತಿರುವ ಮನೋಚಿಕಿತ್ಸೆಯ ಬಹುಪಾಲು ಈ ಪ್ರೇಕ್ಷಕನನ್ನು ಮತ್ತೆ ಒಳಗೆ ಕರೆತರುವ ಪ್ರಯತ್ನವೇ ಆಗಿದೆ.

ಮೊದಲ ಆಯ್ಕೆ: ತಪಾಸಣೆ

ಔಷಧಿಯೋ ಆಪ್ತಸಮಾಲೋಚನೆಯೋ ಎಂದು ತೂಗುವುದಕ್ಕೆ ಮುನ್ನ ತೊಂದರೆ ಆತಂಕದಿಂದಲೇ ಬಂದದ್ದೇ ಎಂದು ತಿಳಿಯಬೇಕು. ಇದಕ್ಕೆ ಮನೆಯಲ್ಲೇ ಸಿಗುವ ಕೆಲವು ಸುಳಿವುಗಳಿವೆ. ಆರೋಗ್ಯವಂತ ಪುರುಷನಿಗೆ ರಾತ್ರಿಯ ನಿದ್ದೆಯಲ್ಲಿ, ಮುಖ್ಯವಾಗಿ ಕನಸು ಬೀಳುವ ಹಂತಗಳಲ್ಲಿ, 3ರಿಂದ 5 ಬಾರಿ ತಾನಾಗಿಯೇ ನಿಮಿರುವಿಕೆ ಉಂಟಾಗುತ್ತದೆ. ಬೆಳಗ್ಗೆ ಏಳುವಾಗ ಕಾಣುವುದು ಅದರ ಕೊನೆಯ ಸುತ್ತು. ನಿದ್ದೆಯಲ್ಲಿ ಪರೀಕ್ಷೆಯಿಲ್ಲ, ಪ್ರೇಕ್ಷಕನೂ ಇಲ್ಲ. ಬೆಳಗಿನ ನಿಮಿರುವಿಕೆ ಎಂದಿನಂತೆ ಗಟ್ಟಿಯಾಗಿದ್ದು, ಒಬ್ಬನೇ ಇರುವಾಗ ಹಸ್ತಮೈಥುನದಲ್ಲಿ ತೊಂದರೆ ಕಾಣದೆ, ಸಂಗಾತಿಯ ಜೊತೆಯಲ್ಲಿ ಮಾತ್ರ ಕೈಕೊಡುತ್ತಿದ್ದರೆ, ಅದೂ ಒಂದು ನಿರ್ದಿಷ್ಟ ಘಟನೆಯ ನಂತರ ಹಠಾತ್ತನೆ ಶುರುವಾಗಿದ್ದರೆ, ರಕ್ತನಾಳ ಮತ್ತು ನರಗಳು ಹೆಚ್ಚುಕಡಿಮೆ ಸರಿಯಾಗಿವೆ, ತೊಡಕು ಆತಂಕದಲ್ಲಿದೆ ಎಂದು ಊಹಿಸಲು ಒಳ್ಳೆಯ ಆಧಾರವಿದೆ.

ಬೆಳಗಿನ ನಿಮಿರುವಿಕೆಯೂ ತಿಂಗಳುಗಳಿಂದ ಕ್ಷೀಣಿಸುತ್ತ ಬಂದಿದ್ದರೆ, ತೊಂದರೆ ಎಲ್ಲ ಸಂದರ್ಭಗಳಲ್ಲೂ ಒಂದೇ ತೆರನಾಗಿದ್ದರೆ, ಕಾಮಾಸಕ್ತಿಯೇ ಕುಗ್ಗಿದ್ದರೆ ವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವೆಲ್ಲ ರಕ್ತನಾಳಗಳನ್ನು ಕೆಡಿಸುತ್ತವೆ. ಶಿಶ್ನದ ಅಪಧಮನಿಯ ಅಗಲ 1ರಿಂದ 2 ಮಿಲಿಮೀಟರ್, ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳದ್ದು 3ರಿಂದ 4 ಮಿಲಿಮೀಟರ್. ಸಣ್ಣ ನಾಳದಲ್ಲಿ ಅಡಚಣೆ ಮೊದಲು ಕಾಣಿಸಿಕೊಳ್ಳುವುದರಿಂದ ನಿಮಿರು ದೌರ್ಬಲ್ಯವು ಹೃದಯದ ಕಾಯಿಲೆಗಿಂತ ಕೆಲವು ವರ್ಷ ಮುಂಚಿತವಾಗಿ ಬರುವ ಎಚ್ಚರಿಕೆಯಾಗಿರಬಹುದು. ‘ಎಲ್ಲ ನನ್ನ ಮನಸ್ಸಿನ ಭ್ರಮೆ’ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡು ಗುಟ್ಟಾಗಿ ಮಾತ್ರೆ ನುಂಗುವ 50 ವರ್ಷದವನು ಈ ಎಚ್ಚರಿಕೆಯನ್ನು ಕೈಯಾರೆ ಕಳೆದುಕೊಳ್ಳುತ್ತಾನೆ. ನನ್ನನ್ನು ಹೆಚ್ಚು ಚಿಂತೆಗೆ ಈಡುಮಾಡುವುದು ಇದೇ.

ತಪಾಸಣೆ ಬಹುಮಟ್ಟಿಗೆ ಸರಳವಾದದ್ದು: ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ, ಕೊಬ್ಬಿನಂಶ, ಅಗತ್ಯವೆನಿಸಿದರೆ ಬೆಳಗಿನ ಹೊತ್ತಿನ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನು, ಕೆಲವೊಮ್ಮೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳು. ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯೂ ಅಷ್ಟೇ ಮುಖ್ಯ. ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಆಸೆಯನ್ನು ಕುಗ್ಗಿಸಬಹುದು, ಸ್ಖಲನವನ್ನು ತಡಮಾಡಬಹುದು. ರಕ್ತದೊತ್ತಡದ ಕೆಲವು ಔಷಧಿಗಳು ನಿಮಿರುವಿಕೆಗೆ ಅಡ್ಡ ಬರಬಹುದು. ಇಂಥದ್ದು ಅನುಮಾನವಾದರೆ ಔಷಧಿಯನ್ನು ತಾನಾಗಿ ನಿಲ್ಲಿಸಬಾರದು. ಪ್ರಮಾಣವನ್ನು ಬದಲಿಸಲು ಅಥವಾ ಬೇರೆ ಔಷಧಿ ಕೊಡಲು ವೈದ್ಯರಿಗೆ ಬಹುತೇಕ ಯಾವಾಗಲೂ ಒಂದು ದಾರಿಯಿರುತ್ತದೆ.

ದೈಹಿಕ ಕಾರಣ, ಮಾನಸಿಕ ಕಾರಣ ಎಂದು ಎರಡು ಪ್ರತ್ಯೇಕ ಕಂಬಗಳನ್ನು ನೆಡಲು ಆಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ಸಕ್ಕರೆ ಕಾಯಿಲೆಯಿಂದ ಸ್ವಲ್ಪ ದುರ್ಬಲಗೊಂಡವನಿಗೆ ಅದರ ಮೇಲೆ ಆತಂಕವೂ ಸೇರಿದರೆ ಆ ಸ್ವಲ್ಪ ದೌರ್ಬಲ್ಯವೇ ಪೂರ್ತಿ ದೌರ್ಬಲ್ಯವಾಗುತ್ತದೆ. ಅಂಥವರಿಗೆ ಎರಡೂ ಕಡೆಯ ಚಿಕಿತ್ಸೆ ಬೇಕಾಗುತ್ತದೆ.

ಮಾತ್ರೆಗಳು: ಏನು ಕೊಡುತ್ತವೆ, ಏನು ಕೊಡುವುದಿಲ್ಲ

ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷಿಸಿದ್ದು ಎದೆನೋವಿನ ಔಷಧಿಯಾಗಿ. ನಿಮಿರು ದೌರ್ಬಲ್ಯಕ್ಕೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1998ರಲ್ಲಿ. ಟಾಡಾಲಾಫಿಲ್ ಅಲ್ಲಿ 2003ರಲ್ಲಿ ಬಂತು. ಎರಡೂ ಪಿಡಿಇ5 ಎಂಬ ಕಿಣ್ವವನ್ನು ತಡೆದು, ನೈಟ್ರಿಕ್ ಆಕ್ಸೈಡ್ ಶುರುಮಾಡಿದ ಸಡಿಲಿಕೆ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಶುರುಮಾಡುವ ಕೆಲಸ ಮಾತ್ರ ಉದ್ರೇಕದ್ದೇ. ಆದ್ದರಿಂದ ಮಾತ್ರೆ ನುಂಗಿ ಗಡಿಯಾರ ನೋಡುತ್ತ ಕುಳಿತರೆ ಏನೂ ಆಗುವುದಿಲ್ಲ, ಮತ್ತು ‘ಮಾತ್ರೆಯೂ ನನಗೆ ಕೆಲಸ ಮಾಡಲಿಲ್ಲ’ ಎಂಬ ಹೊಸ ಹೆದರಿಕೆ ಹಳೆಯದರ ಮೇಲೆ ಬಂದು ಕೂರುತ್ತದೆ.

ಎರಡರ ನಡುವಿನ ಆಯ್ಕೆ ಬಹುಪಾಲು ಸಮಯದ ಲೆಕ್ಕದ್ದು. ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು, ಪರಿಣಾಮ ನಾಲ್ಕೈದು ಗಂಟೆ ಇರುತ್ತದೆ, ಜಿಡ್ಡಿನ ಭಾರಿ ಊಟವಾಗಿದ್ದರೆ ಅದು ಮೈಗೆ ಹತ್ತುವುದು ತಡವಾಗುತ್ತದೆ. ಟಾಡಾಲಾಫಿಲ್‌ನ ಪರಿಣಾಮ 36 ಗಂಟೆಯವರೆಗೂ ಉಳಿಯಬಹುದು, ಊಟದಿಂದ ಅದಕ್ಕೆ ಹೆಚ್ಚಿನ ವ್ಯತ್ಯಾಸವಿಲ್ಲ, ಮತ್ತು 2.5 ಅಥವಾ 5 ಮಿಲಿಗ್ರಾಮಿನ ಸಣ್ಣ ಪ್ರಮಾಣದಲ್ಲಿ ಪ್ರತಿದಿನ ತೆಗೆದುಕೊಳ್ಳುವ ಕ್ರಮವೂ ಇದೆ. ತೊಂದರೆ ಮುಖ್ಯವಾಗಿ ಆತಂಕದ್ದೇ ಆಗಿದ್ದರೆ ಮತ್ತು ವೈದ್ಯರು ಮಾತ್ರೆಗೆ ಒಪ್ಪಿದರೆ, ಈ ಎರಡನೆಯದರ ಪರವಾಗಿ ಒಂದು ಒಳ್ಳೆಯ ವಾದವಿದೆ: ಸಮಯ ನೋಡಿಕೊಂಡು ನುಂಗುವ ಮಾತ್ರೆ ಪರೀಕ್ಷೆಯ ಗಂಟೆ ಬಾರಿಸಿದಂತೆ ‘ಇನ್ನು ಶುರುಮಾಡಲೇಬೇಕು’ ಎನ್ನುತ್ತದೆ, ದೀರ್ಘಕಾಲ ಉಳಿಯುವ ಮಾತ್ರೆ ಆ ಗಡುವನ್ನು ತೆಗೆದುಹಾಕುತ್ತದೆ. ತಲೆನೋವು, ಮುಖ ಕೆಂಪೇರುವುದು, ಮೂಗು ಕಟ್ಟುವುದು, ಅಜೀರ್ಣ ಎರಡರಲ್ಲೂ ಕಾಣಬಹುದು. ಸಿಲ್ಡೆನಾಫಿಲ್ ಕೆಲವರಿಗೆ ದೃಷ್ಟಿಯಲ್ಲಿ ತಾತ್ಕಾಲಿಕವಾಗಿ ನೀಲಿಯ ಛಾಯೆ ತರುತ್ತದೆ, ಟಾಡಾಲಾಫಿಲ್ ಬೆನ್ನು ಮತ್ತು ಸ್ನಾಯುಗಳ ನೋವು ತರಬಹುದು.

ಒಂದು ವಿಷಯದಲ್ಲಿ ಆಯ್ಕೆಯೇ ಇಲ್ಲ. ಎದೆನೋವಿಗೆ ನೈಟ್ರೇಟ್ ಔಷಧಿ, ಎಂದರೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೊಗ್ಲಿಸರಿನ್ ಅಥವಾ ಐಸೊಸಾರ್ಬೈಡ್ ಮಾತ್ರೆ, ತೆಗೆದುಕೊಳ್ಳುವವರು ಈ ಗುಂಪಿನ ಯಾವ ಮಾತ್ರೆಯನ್ನೂ ಮುಟ್ಟಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯುತ್ತದೆ. ಪ್ರಾಸ್ಟೇಟ್ ತೊಂದರೆಗೆ ಆಲ್ಫಾ ಬ್ಲಾಕರ್ ಗುಂಪಿನ ಔಷಧಿ ತೆಗೆದುಕೊಳ್ಳುವವರೂ ಹೃದಯದ ಕಾಯಿಲೆ ಇರುವವರೂ ವೈದ್ಯರಿಗೆ ಮೊದಲೇ ಹೇಳಬೇಕು. ನಿಮಿರುವಿಕೆ 4 ಗಂಟೆಗಿಂತ ಹೆಚ್ಚು ಹೊತ್ತು ಇಳಿಯದೇ ಇದ್ದರೆ, ಇಲ್ಲವೇ ದೃಷ್ಟಿಯೋ ಶ್ರವಣವೋ ಹಠಾತ್ತನೆ ಕುಂದಿದರೆ ನಾಚಿಕೆಯನ್ನು ಬದಿಗಿಟ್ಟು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಇವೆಲ್ಲ ಇಲ್ಲದ, ಆರೋಗ್ಯವಂತನಾದ ಯುವಕನಿಗೆ ಮಾತ್ರೆ ಬೇಕೇ? ಅಲ್ಪಕಾಲಕ್ಕೆ, ಆತ್ಮವಿಶ್ವಾಸ ಮರಳುವವರೆಗಿನ ಊರುಗೋಲಾಗಿ ಅದು ನಿಜಕ್ಕೂ ನೆರವಾಗುತ್ತದೆ. ನಾಲ್ಕಾರು ಬಾರಿ ಎಲ್ಲ ಸರಿಯಾಗಿ ನಡೆದರೆ ಅಂಜಿಕೆಯ ಸರಪಳಿ ತುಂಡಾಗುವುದುಂಟು. ಆದರೆ ಅದೇ ಮಾತ್ರೆ ಇಲ್ಲದೆ ಸಂಗಾತಿಯ ಹತ್ತಿರ ಹೋಗಲಾಗದ ಸ್ಥಿತಿಗೂ ಅದು ತಂದುಬಿಡಬಹುದು. ದೇಹಕ್ಕೆ ಚಟ ಹತ್ತುವ ಔಷಧಿ ಇದಲ್ಲ, ನಂಬಿಕೆಗೆ ಹತ್ತುತ್ತದೆ. ಯಶಸ್ಸನ್ನು ಮಾತ್ರೆಯ ಖಾತೆಗೆ ಜಮಾ ಮಾಡಿ, ವೈಫಲ್ಯವನ್ನು ತನ್ನ ಖಾತೆಗೆ ಬರೆದುಕೊಳ್ಳುವ ಅಭ್ಯಾಸ ಬೆಳೆಯುತ್ತದೆ. ಆದ್ದರಿಂದ ಮಾತ್ರೆ ಆರಿಸಿಕೊಳ್ಳುವವರು ಅದನ್ನು ಯಾವಾಗ, ಹೇಗೆ ಕಡಿಮೆ ಮಾಡುವುದೆಂದು ಮೊದಲ ಭೇಟಿಯಲ್ಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು. ಭಾಷಣ ಮಾಡುವ ಹೆದರಿಕೆಗೆ ಕೆಲವರು ಬಳಸುವ ಪ್ರೊಪ್ರನೊಲಾಲ್‌ನಂಥ ಮಾತ್ರೆಯನ್ನು ಈ ಹೆದರಿಕೆಗೂ ಬಳಸಬಹುದೆಂದು ಯೋಚಿಸುವವರಿದ್ದಾರೆ. ಅದು ನಿಮಿರುವಿಕೆಯನ್ನೇ ಕುಗ್ಗಿಸಬಹುದು, ಹಾಗಾಗಿ ಆ ದಾರಿ ಹಿಡಿಯಬಾರದು.

ಮನೋಚಿಕಿತ್ಸೆ: ನಿಧಾನದ ದಾರಿ

ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸಕ್ರಮವೇ ಇಂದಿಗೂ ಲೈಂಗಿಕ ಚಿಕಿತ್ಸೆಯ ಬೆನ್ನೆಲುಬು. ‘ಸೆನ್ಸೇಟ್ ಫೋಕಸ್’ ಎಂದು ಅದರ ಹೆಸರು. ಅದರ ಮೊದಲ ನಿಯಮ ಕೇಳಿದವರಿಗೆ ವಿಚಿತ್ರವೆನಿಸುತ್ತದೆ: ಕೆಲವು ವಾರ ಸಂಭೋಗ ಮಾಡಲೇಬಾರದು. ಇಬ್ಬರೂ ಬಿಡುವಾಗಿರುವ ಹೊತ್ತಿನಲ್ಲಿ, ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು, ಒಬ್ಬರು ಇನ್ನೊಬ್ಬರ ಬೆನ್ನು, ತೋಳು, ಅಂಗೈ, ಪಾದಗಳನ್ನು ಹದಿನೈದಿಪ್ಪತ್ತು ನಿಮಿಷ ನಿಧಾನವಾಗಿ ಮುಟ್ಟುತ್ತಾರೆ, ಆಮೇಲೆ ಅದಲುಬದಲು. ಈ ಹಂತದಲ್ಲಿ ಜನನಾಂಗ ಮತ್ತು ಸ್ತನಗಳಿಗೆ ಕೈ ಹೋಗಬಾರದು. ಮುಟ್ಟುವವರ ಗಮನ ಚರ್ಮದ ಬಿಸಿ, ನುಣುಪು, ಒತ್ತಡ ಇವುಗಳ ಮೇಲೆ ಮಾತ್ರ. ಇನ್ನೊಬ್ಬರಿಗೆ ಖುಷಿಯಾಯಿತೇ ಎಂಬುದರ ಮೇಲೂ ಅಲ್ಲ. ಮನಸ್ಸು ಎಲ್ಲೋ ಹೋದರೆ ಅದನ್ನು ಬೈಯದೆ ಬೆರಳ ತುದಿಗೆ ಮರಳಿ ತರುವುದು, ಇಷ್ಟೇ ಕೆಲಸ.

ಎರಡನೆಯ ಹಂತದಲ್ಲಿ ಎಲ್ಲ ಭಾಗಗಳನ್ನೂ ಮುಟ್ಟಬಹುದು, ಆದರೂ ಗುರಿಯೇನೂ ಇರುವುದಿಲ್ಲ. ನಿಮಿರುವಿಕೆ ಬಂದರೆ ಬರಲಿ. ಬಂದ ಮೇಲೆ ಬೇಕೆಂದೇ ನಿಲ್ಲಿಸಿ ಅದು ಇಳಿಯಲು ಬಿಡುತ್ತಾರೆ, ಸ್ವಲ್ಪ ಹೊತ್ತಿನ ನಂತರ ಸ್ಪರ್ಶ ಮುಂದುವರಿಸಿದಾಗ ಅದು ಮತ್ತೆ ಬರುತ್ತದೆ. ಆತಂಕದಲ್ಲಿ ಬೆಂದವನಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ, ಏಕೆಂದರೆ ಅವನನ್ನು ಇಷ್ಟು ದಿನ ಕಾಡಿದ್ದು ‘ಒಮ್ಮೆ ಹೋದರೆ ಮುಗಿಯಿತು’ ಎಂಬ ನಂಬಿಕೆ. ಇಳಿದದ್ದು ಮತ್ತೆ ಏರುತ್ತದೆ ಎಂಬುದನ್ನು ಅವನ ದೇಹವೇ ಅವನಿಗೆ ತೋರಿಸಿಕೊಡುತ್ತದೆ. ಸಂಭೋಗಕ್ಕೆ ಹಂತ ಹಂತವಾಗಿ ಮರಳುವುದು ಇದರ ನಂತರ.

ಅರಿವು ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಇನ್ನೊಂದು ತುದಿಯಿಂದ ಕೆಲಸ ಮಾಡುತ್ತದೆ. ‘ಗಂಡಸಾದವನು ಯಾವಾಗಲೂ ಸಿದ್ಧನಿರಬೇಕು’, ‘ಒಳಪ್ರವೇಶವಿಲ್ಲದಿದ್ದರೆ ಅದು ಮಿಲನವೇ ಅಲ್ಲ’, ‘ಅವಳು ಸುಮ್ಮನಿದ್ದಾಳೆಂದರೆ ಬೇಸರಗೊಂಡಿದ್ದಾಳೆ’ ಎಂಬಂಥ ನಂಬಿಕೆಗಳನ್ನು ಒಂದೊಂದಾಗಿ ಮುಂದಿಟ್ಟು, ಅವುಗಳಿಗೆ ಆಧಾರವಿದೆಯೇ ಎಂದು ಚಿಕಿತ್ಸಕರ ಜೊತೆ ಕೂತು ಪರಿಶೀಲಿಸುವ ಕೆಲಸ ಅದು. ಸದ್ಯ ಸಂಗಾತಿಯಿಲ್ಲದವರಿಗೆ, ಹೊಸ ಸಂಬಂಧಕ್ಕೆ ಅಂಜಿ ದೂರ ಉಳಿದವರಿಗೆ, ಬದುಕಿನ ಇತರ ವಿಷಯಗಳಲ್ಲೂ ಆತಂಕ ಹೆಚ್ಚಿರುವವರಿಗೆ ಇದು ಹೆಚ್ಚು ಹೊಂದುತ್ತದೆ. ಇಬ್ಬರ ನಡುವೆ ಮುನಿಸು, ಅಪನಂಬಿಕೆ ಬೆಳೆದಿದ್ದರೆ ಜೋಡಿಯಾಗಿ ಹೋಗುವ ಆಪ್ತಸಮಾಲೋಚನೆ ಮೊದಲು ಬೇಕು. ಮುಖ ಕೊಟ್ಟು ಮಾತಾಡದ ಇಬ್ಬರಿಗೆ ಸ್ಪರ್ಶದ ಅಭ್ಯಾಸ ಹೇಳಿಕೊಟ್ಟು ಪ್ರಯೋಜನವಿಲ್ಲ.

ಮಾತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಈ ದಾರಿಯ ದೋಷಗಳೂ ಕಾಣುತ್ತವೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಸಂಗಾತಿಯ ಸಹಕಾರವಿಲ್ಲದೆ ಅರ್ಧಕ್ಕಿಂತ ಮುಂದೆ ಹೋಗುವುದು ಕಷ್ಟ. ತರಬೇತಿ ಪಡೆದ ಚಿಕಿತ್ಸಕರು ಎಲ್ಲ ಕಡೆ ಸಿಗುವುದಿಲ್ಲ, ‘ಲೈಂಗಿಕ ತಜ್ಞ’ ಎಂಬ ಫಲಕ ಹಾಕಿಕೊಂಡವರೆಲ್ಲ ಅರ್ಹರಲ್ಲ. ಮನೋವೈದ್ಯಶಾಸ್ತ್ರ, ಮೂತ್ರರೋಗಶಾಸ್ತ್ರ ಅಥವಾ ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ನೋಂದಾಯಿತ ಅರ್ಹತೆ ಇದೆಯೇ ಎಂದು ಕೇಳುವ ಹಕ್ಕು ರೋಗಿಗಿದೆ. ಹೀಗಿದ್ದೂ ಮೂಲದಲ್ಲಿರುವುದು ಆತಂಕವೇ ಆದರೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಇದು ಪರೀಕ್ಷೆಯನ್ನು ಪಾಸು ಮಾಡಿಸಲು ಹೊರಡುವುದಿಲ್ಲ, ಪರೀಕ್ಷೆಯನ್ನೇ ರದ್ದು ಮಾಡುತ್ತದೆ. ಮಾತ್ರೆ ಮತ್ತು ಮನೋಚಿಕಿತ್ಸೆ ಎರಡನ್ನೂ ಜೊತೆಗೆ ಕೊಟ್ಟಾಗ ಮಾತ್ರೆಯೊಂದನ್ನೇ ಕೊಟ್ಟದ್ದಕ್ಕಿಂತ ಉತ್ತಮ ಫಲ ಕಂಡ ಅಧ್ಯಯನಗಳಿವೆ. ಎರಡರಲ್ಲಿ ಒಂದನ್ನೇ ಹಿಡಿಯಬೇಕೆಂಬ ಹಟ ಬೇಕಿಲ್ಲ.

ಶೀಘ್ರಸ್ಖಲನದ ಲೆಕ್ಕ ಬೇರೆ

ಇಲ್ಲಿ ಮೊದಲು ಸರಿಪಡಿಸಬೇಕಾದದ್ದು ನಿರೀಕ್ಷೆಯನ್ನು. ಐದು ದೇಶಗಳ ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದ, 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಳಪ್ರವೇಶದಿಂದ ಸ್ಖಲನದವರೆಗಿನ ಮಧ್ಯಾಂಕ 5.4 ನಿಮಿಷವಾಗಿತ್ತು. ಅಂದರೆ ಅರ್ಧದಷ್ಟು ಪುರುಷರು ಅದಕ್ಕಿಂತ ಬೇಗ ಮುಗಿಸಿದ್ದರು. ಮೊದಲಿನಿಂದಲೂ ಸುಮಾರು 1 ನಿಮಿಷದೊಳಗೆ ಆಗುತ್ತಿದ್ದು, ತಡೆಯಲು ಬಾರದೆ, ಅದರಿಂದ ಮನಸ್ಸಿಗೆ ನೋವಾಗುತ್ತಿದ್ದರೆ ಮಾತ್ರ ವೈದ್ಯರು ಅದನ್ನು ಆಜೀವ ಶೀಘ್ರಸ್ಖಲನ ಎನ್ನುತ್ತಾರೆ. ನಡುವೆ ಶುರುವಾದದ್ದಾದರೆ ಸುಮಾರು 3 ನಿಮಿಷದೊಳಕ್ಕೆ ಇಳಿದಿರಬೇಕು. ಅಶ್ಲೀಲ ಚಿತ್ರಗಳ ಕತ್ತರಿಸಿ ಜೋಡಿಸಿದ ದೃಶ್ಯಗಳನ್ನು ಅಳತೆಗೋಲಾಗಿ ಇಟ್ಟುಕೊಂಡು, ಇಲ್ಲದ ಕಾಯಿಲೆಗೆ ಮದ್ದು ಹುಡುಕುವವರಿಗೆ ಈ ಅಂಕಿಗಳನ್ನು ತಿಳಿಸುವುದೇ ಚಿಕಿತ್ಸೆಯ ಅರ್ಧ ಭಾಗ.

ನಿಜವಾದ ತೊಂದರೆ ಇರುವವರಿಗೆ ದಾರಿಗಳು ಹಲವು. ಅಮೆರಿಕದ ಮೂತ್ರರೋಗ ತಜ್ಞ ಜೇಮ್ಸ್ ಸೀಮನ್ಸ್ 1956ರಲ್ಲಿ ವಿವರಿಸಿದ ‘ನಿಲ್ಲಿಸಿ-ಶುರುಮಾಡುವ’ ಕ್ರಮದಲ್ಲಿ ಸ್ಖಲನ ಹತ್ತಿರವಾಯಿತು ಎನ್ನಿಸಿದಾಗ ಪ್ರಚೋದನೆ ನಿಲ್ಲಿಸಿ, ಆ ಒತ್ತಡ ಇಳಿದ ಮೇಲೆ ಮುಂದುವರಿಸುತ್ತಾರೆ. ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ, ಒಬ್ಬರೇ ಇರುವಾಗಲೂ ಅಭ್ಯಾಸ ಮಾಡಬಹುದು. ಆದರೆ ಬಿಟ್ಟರೆ ಫಲವೂ ಮಾಸುತ್ತದೆ. ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್ ಬೆರೆಸಿದ ಕ್ರೀಮು ಅಥವಾ ಸ್ಪ್ರೇ ಸಂವೇದನೆಯನ್ನು ಕಡಿಮೆ ಮಾಡುತ್ತದೆ. ಒರೆಸಿಕೊಳ್ಳದಿದ್ದರೆ ಅಥವಾ ಕಾಂಡೋಮ್ ಬಳಸದಿದ್ದರೆ ಸಂಗಾತಿಯ ಸಂವೇದನೆಯೂ ಮರಗಟ್ಟುತ್ತದೆ. ಹಲವು ದೇಶಗಳಲ್ಲಿ ಅನುಮತಿ ಇರುವ ಡೆಪಾಕ್ಸಿಟಿನ್ ಮಾತ್ರೆಯನ್ನು ಮಿಲನಕ್ಕೆ 1ರಿಂದ 3 ಗಂಟೆ ಮುಂಚೆ ತೆಗೆದುಕೊಳ್ಳುತ್ತಾರೆ. ಪ್ರತಿದಿನ ತೆಗೆದುಕೊಳ್ಳುವ ಪ್ಯಾರಾಕ್ಸಿಟಿನ್‌ನಂಥ ಔಷಧಿ ಅದಕ್ಕಿಂತ ಬಲವಾದದ್ದು, ಆದರೆ ಇದ್ದಕ್ಕಿದ್ದಂತೆ ನಿಲ್ಲಿಸುವಂತಿಲ್ಲ. ಟ್ರಮಡಾಲ್ ಎಂಬ ನೋವುನಿವಾರಕ ಸ್ಖಲನವನ್ನು ತಡಮಾಡುತ್ತದೆಂದು ಕೇಳಿ ಅದನ್ನು ತಾವಾಗಿ ತೆಗೆದುಕೊಳ್ಳುವವರು ಅದು ಚಟವಾಗುವ ಔಷಧಿ ಎಂಬುದನ್ನು ತಿಳಿದಿರಬೇಕು.

ಹಲವರು ಗಮನಿಸದ ಒಂದು ಕೊಂಡಿ ಇಲ್ಲಿದೆ. ನಿಮಿರುವಿಕೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆಯಿಂದ ಅವಸರಪಟ್ಟು, ಆ ಅವಸರವೇ ಶೀಘ್ರಸ್ಖಲನವಾಗುವುದುಂಟು. ಅಂಥವರು ಸ್ಖಲನ ತಡಮಾಡುವ ಔಷಧಿ ತೆಗೆದುಕೊಂಡರೆ ಸಂವೇದನೆ ತಗ್ಗಿ ನಿಮಿರುವಿಕೆ ಇನ್ನೂ ದುರ್ಬಲವಾಗಬಹುದು. ಎರಡೂ ಒಟ್ಟಿಗಿದ್ದರೆ ನಿಮಿರುವಿಕೆಯ ತೊಂದರೆಗೆ ಮೊದಲು ಚಿಕಿತ್ಸೆ ಪಡೆಯುವುದು ಸರಿಯಾದ ಕ್ರಮ.

ಉಳಿದವು

ವೇಗದ ನಡಿಗೆ, ಸೈಕಲ್, ಈಜಿನಂಥ ವ್ಯಾಯಾಮವನ್ನು ವಾರಕ್ಕೆ ನಾಲ್ಕು ಬಾರಿ, ಪ್ರತಿ ಸಲ ಸುಮಾರು 40 ನಿಮಿಷ, ಆರು ತಿಂಗಳು ಮಾಡಿದರೆ ರಕ್ತನಾಳಗಳ ಕಾರಣದ ದೌರ್ಬಲ್ಯ ಸುಧಾರಿಸುತ್ತದೆಂದು ಅಧ್ಯಯನಗಳ ಪರಾಮರ್ಶೆ ಹೇಳುತ್ತದೆ. ಆತಂಕಕ್ಕೂ ಅದು ಒಳ್ಳೆಯದೇ. ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮದಿಂದ ಆರು ತಿಂಗಳಲ್ಲಿ ಸುಮಾರು 40 ಶೇಕಡಾ ಪುರುಷರು ಸಹಜ ಸ್ಥಿತಿಗೆ ಮರಳಿದ್ದನ್ನು ಬ್ರಿಟನ್ನಿನ ಒಂದು ಸಣ್ಣ ಅಧ್ಯಯನ 2005ರಲ್ಲಿ ದಾಖಲಿಸಿತು. ಆದರೆ ಆತಂಕವಿರುವ ಕೆಲವರಲ್ಲಿ ಆ ಸ್ನಾಯುಗಳು ಮೊದಲೇ ಬಿಗಿದುಕೊಂಡಿರುತ್ತವೆ. ಕುಳಿತರೆ ನೋವು, ಮೂತ್ರ ವಿಸರ್ಜನೆಗೆ ತಡ, ಸ್ಖಲನದ ನಂತರ ನೋವು ಇರುವವರು ಬಿಗಿಗೊಳಿಸುವ ವ್ಯಾಯಾಮ ಬಿಟ್ಟು ಫಿಸಿಯೋಥೆರಪಿಸ್ಟರಿಂದ ಸಡಿಲಿಸುವುದನ್ನು ಕಲಿಯಬೇಕು. ಧೈರ್ಯಕ್ಕೆಂದು ಕುಡಿಯುವುದು ಎಲ್ಲ ಆಯ್ಕೆಗಳಲ್ಲಿ ಕೆಟ್ಟದ್ದು. ಅದು ಹೆದರಿಕೆಯನ್ನು ಕುಗ್ಗಿಸುವುದರ ಜೊತೆಗೆ ನಿಮಿರುವಿಕೆಯನ್ನೂ ಕುಗ್ಗಿಸುತ್ತದೆ.

‘ಸಂಪೂರ್ಣ ನೈಸರ್ಗಿಕ’ ಎಂದು ಮಾರುವ ಪುಡಿ ಮತ್ತು ಕ್ಯಾಪ್ಸೂಲುಗಳಲ್ಲಿ ಲೇಬಲ್ಲಿನಲ್ಲಿ ಹೇಳದ ಸಿಲ್ಡೆನಾಫಿಲ್ ಬೆರೆತಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆಹಚ್ಚಿ ಎಚ್ಚರಿಸಿದೆ. ಪ್ರಮಾಣ ಗೊತ್ತಿಲ್ಲದ ಆ ಬೆರಕೆ, ನೈಟ್ರೇಟ್ ತೆಗೆದುಕೊಳ್ಳುವ ಹೃದ್ರೋಗಿಗೆ ಸಾವು ತರಬಲ್ಲದು. ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಅಥವಾ ಜೆಲ್, ರಕ್ತಪರೀಕ್ಷೆಯಲ್ಲಿ ಕೊರತೆ ಎರಡು ಬಾರಿ ಖಚಿತವಾದವರಿಗೆ ಮಾತ್ರ. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟಿರಾನ್ ವೀರ್ಯಾಣು ಉತ್ಪತ್ತಿಯನ್ನು ತಗ್ಗಿಸುವುದರಿಂದ ಮಗು ಬಯಸುವವರು ಅದನ್ನು ತೆಗೆದುಕೊಳ್ಳಬಾರದು. ನಿರ್ವಾತ ಪಂಪು, ಶಿಶ್ನಕ್ಕೇ ಕೊಡುವ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವು ದೈಹಿಕ ಕಾರಣ ಗಟ್ಟಿಯಾಗಿರುವವರಿಗೆ ಮೀಸಲು. ಆತಂಕದಿಂದ ಬಳಲುವವರು ಅವುಗಳ ಯೋಚನೆಯನ್ನೇ ಮಾಡಬೇಕಿಲ್ಲ.

ಯಾರಿಗೆ ಯಾವುದು

ಇಪ್ಪತ್ತು ಮೂವತ್ತರ ವಯಸ್ಸಿನ, ಬೆಳಗಿನ ನಿಮಿರುವಿಕೆ ಸರಿಯಿರುವ, ಹೊಸ ಸಂಬಂಧದಲ್ಲಿ ಎಡವಿದವರಿಗೆ ಒಂದು ಸಾಮಾನ್ಯ ತಪಾಸಣೆ, ಕೆಲವು ವಾರ ಸಂಭೋಗದ ಗುರಿಯಿಲ್ಲದ ಸ್ಪರ್ಶ ಮತ್ತು ಸಂಗಾತಿಯೊಡನೆ ಮುಕ್ತವಾದ ಮಾತು ಬಹಳ ಸಲ ಸಾಕಾಗುತ್ತದೆ. ಆ ಮಾತಿಗೆ ಹಾಸಿಗೆಯ ಹೊತ್ತು ಬೇಡ. ಬೇರೆ ಯಾವುದಾದರೂ ನಿರಾಳವಾದ ಹೊತ್ತಿನಲ್ಲಿ ‘ಇದು ನಿನ್ನ ಮೇಲಿನ ಆಸೆ ಕಡಿಮೆಯಾದದ್ದಕ್ಕಲ್ಲ. ನನಗೆ ಒಳಗೊಳಗೇ ಹೆದರಿಕೆಯಾಗುತ್ತಿದೆ. ಸ್ವಲ್ಪ ದಿನ ಅದರ ಗೊಡವೆ ಬಿಟ್ಟು ಸುಮ್ಮನೆ ಹತ್ತಿರ ಇರೋಣವಾ?’ ಎಂದರೆ ಸಾಕು. ಹೆಚ್ಚಿನ ಸಂಗಾತಿಗಳು ಕಾಯಿಲೆಗಿಂತ ಮೌನದಿಂದ ಹೆಚ್ಚು ನೊಂದಿರುತ್ತಾರೆ. ತನ್ನಲ್ಲೇ ಏನೋ ಕೊರತೆಯಿದೆ ಎಂದು ಅವರು ಅಷ್ಟು ಹೊತ್ತಿಗೆ ತೀರ್ಮಾನಿಸಿರುತ್ತಾರೆ.

ಮಗುವಿಗಾಗಿ ತಿಂಗಳ ಇಂತಿಷ್ಟೇ ದಿನಗಳಲ್ಲಿ ಸೇರಬೇಕೆಂಬ ಒತ್ತಡದಲ್ಲಿ ಸಿಲುಕಿದವರ ಸ್ಥಿತಿ ಬೇರೆ. ಅವರಿಗೆ ಕಾಯಲು ವ್ಯವಧಾನವಿರುವುದಿಲ್ಲ, ಪರೀಕ್ಷೆಯೂ ದಿನಾಂಕ ಸಮೇತ ಬಂದಿರುತ್ತದೆ. ವೈದ್ಯರ ಸಲಹೆಯಂತೆ ಆ ದಿನಗಳಿಗೆ ಮಾತ್ರೆಯ ನೆರವು ಪಡೆದು, ಉಳಿದ ದಿನಗಳನ್ನು ಯಾವ ಲೆಕ್ಕವೂ ಇಲ್ಲದ ಸಾಮೀಪ್ಯಕ್ಕೆ ಬಿಡುವುದು ಅವರಿಗೆ ಹೊಂದುವ ದಾರಿ. ನಲವತ್ತೈದು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಧೂಮಪಾನ ಮಾಡುವವರು ತಪಾಸಣೆಗೆ ಮೊದಲು ಏನನ್ನೂ ಆರಿಸಿಕೊಳ್ಳಬಾರದು. ಖಿನ್ನತೆಯ ಔಷಧಿ ಶುರುವಾದ ಮೇಲೆ ತೊಂದರೆ ಕಂಡವರು ಮೊದಲು ಆ ಔಷಧಿ ಬರೆದುಕೊಟ್ಟ ವೈದ್ಯರನ್ನೇ ಕಾಣಬೇಕು.

ವೈದ್ಯರ ಬಳಿಗೆ ಹೋಗುವಾಗ ಮಾತು ಹೊರಡದೇ ಹೋಗಬಹುದು ಎನ್ನಿಸಿದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು: ತೊಂದರೆ ಯಾವಾಗ ಶುರುವಾಯಿತು, ಆಗ ಬದುಕಿನಲ್ಲಿ ಏನು ನಡೆಯುತ್ತಿತ್ತು, ಬೆಳಗ್ಗೆ ಏಳುವಾಗ ಹೇಗಿರುತ್ತದೆ, ಒಬ್ಬನೇ ಇರುವಾಗ ಹೇಗೆ, ಆಸೆ ಮೊದಲಿನಷ್ಟೇ ಇದೆಯೇ, ಯಾವ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ, ಕುಡಿತ ಮತ್ತು ಸಿಗರೇಟು ಎಷ್ಟು, ಗುಟ್ಟಾಗಿ ಏನಾದರೂ ಮಾತ್ರೆ ಪ್ರಯತ್ನಿಸಿದ್ದೇನೆಯೇ. ಆ ಚೀಟಿಯನ್ನು ಓದದೆ ಹಾಗೆಯೇ ವೈದ್ಯರ ಕೈಗೆ ಕೊಟ್ಟರೂ ಆಗುತ್ತದೆ.